ಹಾಯಿ ಸುತ್ತುತ್ತಿಲ್ಲವೇ? ಹಗ್ಗ ಬಿಟ್ಟು ಕತ್ತೆತ್ತಿ ನೋಡಿ

ಮಧ್ಯಾಹ್ನ ಎರಡು ದಾಟಿದೆ, ಕಡಲಗಾಳಿ ಏರಿದೆ, ದೋಣಿ ಬೇಕಾದ್ದಕ್ಕಿಂತ ಹೆಚ್ಚು ವಾಲುತ್ತಿದೆ. ಮುಂದಿನ ಹಾಯಿಯನ್ನು ಅರ್ಧ ಸುತ್ತಿಬಿಡೋಣವೆಂದು ನೀವು ಹಗ್ಗ ಎಳೆಯುತ್ತೀರಿ. ಎರಡು ಸುತ್ತು ಸಲೀಸಾಗಿ ಬರುತ್ತದೆ, ಆಮೇಲೆ ಬಂಡೆಗೆ ಕಟ್ಟಿದ ಹಾಗೆ ನಿಂತುಬಿಡುತ್ತದೆ. ಸಡಿಲ ಬಿಟ್ಟು ಮತ್ತೆ ಎಳೆದರೂ ಅಷ್ಟೇ. ಪಕ್ಕದಲ್ಲೇ ವಿಂಚ್ ಇದೆ. ಹಗ್ಗವನ್ನು ಅದಕ್ಕೆ ಮೂರು ಸುತ್ತು ಹಾಕಿ ಹಿಡಿಕೆ ತಿರುಗಿಸಿದರೆ ಬರದೆ ಎಲ್ಲಿಗೆ ಹೋದೀತು ಅನ್ನಿಸುತ್ತದೆ. ಆ ಹಿಡಿಕೆಯನ್ನು ಮುಟ್ಟಬೇಡಿ. ಮುಂದೆ ಹೇಳುವುದೆಲ್ಲ ಆ ಒಂದು ಮಾತಿನ ವಿವರಣೆ, ಮತ್ತು ಮುಟ್ಟದೆ ಬಿಟ್ಟಮೇಲೆ ಮಾಡಬೇಕಾದ ಕೆಲಸದ ವಿವರ.

ಹಾಯಿದೋಣಿಯವರು ಈ ಭಾಗಗಳನ್ನೆಲ್ಲ ಇಂಗ್ಲಿಷ್ ಹೆಸರಿನಲ್ಲೇ ಕರೆಯುವುದರಿಂದ ಇಲ್ಲೂ ಹಾಗೆಯೇ ಇಟ್ಟುಕೊಳ್ಳೋಣ. ಹಾಯಿಕಂಬವನ್ನು ಮುಂದಿನಿಂದ ಹಿಡಿದಿರುವ ಉಕ್ಕಿನ ತಂತಿ ಫೋರ್‌ಸ್ಟೇ. ಹಿಂದಿನಿಂದ ಹಿಡಿದಿರುವುದು ಬ್ಯಾಕ್‌ಸ್ಟೇ, ಎರಡು ಪಕ್ಕಗಳಿಂದ ಹಿಡಿದಿರುವವು ಶ್ರೌಡ್‌ಗಳು. ಫೋರ್‌ಸ್ಟೇಗೆ ಅಂಗಿಯಂತೆ ತೊಡಿಸಿದ ಉದ್ದನೆಯ ಅಲ್ಯೂಮಿನಿಯಂ ಕೊಳವೆ ಫಾಯಿಲ್, ಹಾಯಿಯ ಅಂಚು ಅದರ ತೋಡಿನಲ್ಲಿ ಜಾರಿ ಕೂರುತ್ತದೆ. ದೋಣಿಯ ಮೂತಿಯಲ್ಲಿ ಹಗ್ಗ ಸುತ್ತಿಕೊಳ್ಳುವ ಡ್ರಮ್ ಇದೆ. ತುತ್ತತುದಿಯಲ್ಲಿ ಹಾಯಿಯ ತಲೆಯನ್ನು ಹಿಡಿದು ತಿರುಗುವ ಸ್ವಿವೆಲ್ ಇದೆ, ಅದನ್ನು ಮೇಲಕ್ಕೆ ಎಳೆದು ನಿಲ್ಲಿಸುವ ಹಗ್ಗವೇ ಹಾಲ್ಯಾರ್ಡ್. ಇಷ್ಟೂ ಸೇರಿ ಫರ್ಲರ್. ಇಂಗ್ಲೆಂಡಿನ ವೈಕಮ್ ಮಾರ್ಟಿನ್ ಹೆಸರಿನ ಸರಳ ಸುತ್ತುಗಾಲಿ 20ನೇ ಶತಮಾನದ ಆರಂಭದಲ್ಲೇ ಬಂದಿತ್ತು, ಆದರೆ ಅದರಲ್ಲಿ ಹಾಯಿ ತನ್ನದೇ ಅಂಚಿನ ತಂತಿಯ ಸುತ್ತ ಸುರುಳಿಯಾಗುತ್ತಿತ್ತು, ಕಂಬ ಹಿಡಿಯುವ ತಂತಿ ಬೇರೆಯೇ ಇರುತ್ತಿತ್ತು. ಈಗಿನ ಫರ್ಲರ್‌ನಲ್ಲಿ ಎರಡೂ ಒಂದೇ ಕಡೆ ಬಂದಿವೆ. ಅನುಕೂಲ ಬಂದದ್ದೂ ಅಪಾಯ ಬಂದದ್ದೂ ಅಲ್ಲಿಂದಲೇ.

ಯಾಕೆಂದರೆ ಹಾಯಿ ಸುತ್ತುವುದು ಒಂದು ಕೆಲಸ, ಕಂಬ ನಿಲ್ಲಿಸುವುದು ಇನ್ನೊಂದು. ಮೊದಲನೆಯದು ಕೆಟ್ಟರೆ ಪ್ರಯಾಣ ಕೆಡುತ್ತದೆ, ಎರಡನೆಯದು ಕೆಟ್ಟರೆ ಕಂಬವೇ ತಲೆಯ ಮೇಲೆ ಬೀಳುತ್ತದೆ. ಫರ್ಲರ್ ಹಾಕಿದ ದೋಣಿಯಲ್ಲಿ ಕಂಬ ಹಿಡಿಯುವ ತಂತಿ ಕಣ್ಣಿಗೆ ಕಾಣುವುದಿಲ್ಲ, ಫಾಯಿಲ್ ಅದನ್ನು ಮೇಲಿಂದ ಕೆಳಗಿನವರೆಗೆ ಮುಚ್ಚಿರುತ್ತದೆ. ಹಾಗಾಗಿ ಒಳಗೆ ಏನೋ ಆಗಿದೆ ಎಂಬ ಮೊದಲ ಸುಳಿವು ಬಹಳ ಸಲ ಸುತ್ತುವ ಹಗ್ಗದ ಬಿಗಿತದಲ್ಲೇ ಸಿಗುತ್ತದೆ. ಆ ಬಿಗಿತವನ್ನು ಬಲದಿಂದ ಮುರಿದವನು ಸುಳಿವನ್ನು ಅಳಿಸಿದ ಹಾಗೆ, ಜೊತೆಗೆ ಆಗಿರುವ ಪೆಟ್ಟನ್ನು ದೊಡ್ಡದು ಮಾಡಿದ ಹಾಗೆ. ಆದ್ದರಿಂದ ನನ್ನ ವಾದ ಇಷ್ಟೇ: ಹಾಯಿ ಸುತ್ತದಿದ್ದರೆ ಅದನ್ನು ಕಂಬದ ತಂತಿಗಳ ತೊಂದರೆ ಎಂದೇ ಹಿಡಿಯಿರಿ, ಅಲ್ಲ ಎಂದು ಕಣ್ಣಾರೆ ಕಂಡು ಖಾತ್ರಿಯಾಗುವ ತನಕ.

"ವಿಂಚ್ ಹಾಕಿ ಎಳೆದೆವು, ಸುತ್ತಿಕೊಂಡಿತು, ಏನೂ ಆಗಲಿಲ್ಲ" ಎನ್ನುವವರು ಪ್ರತಿ ಬಂದರಿನಲ್ಲೂ ಇರುತ್ತಾರೆ. ಲೆಕ್ಕ ಹಾಕಿ ನೋಡಿ. 40 ಎಂದು ಗುರುತು ಮಾಡಿದ, ಅಂದರೆ ಬಲವನ್ನು 40 ಪಟ್ಟು ಮಾಡುವ, ವಿಂಚಿನ ಹಿಡಿಕೆಯನ್ನು ನೀವು 20 ಕೆ.ಜಿ. ಬಲದಿಂದ ನೂಕಿದರೆ ಹಗ್ಗದ ಮೇಲೆ ಬೀಳುವುದು 800 ಕೆ.ಜಿ.ಯ ಹತ್ತಿರದ ಎಳೆತ. ಘರ್ಷಣೆಯಲ್ಲಿ ಸ್ವಲ್ಪ ಹೋಯಿತೆಂದುಕೊಂಡರೂ ಉಳಿದದ್ದು ಬೆರಳು ಗಾತ್ರದ ತಂತಿಯನ್ನೂ ತೆಳು ಗೋಡೆಯ ಕೊಳವೆಯನ್ನೂ ತಿರುಚುವುದಕ್ಕೆ ಧಾರಾಳ ಸಾಕು. ಕೈಯಿಂದ ಎಳೆದಾಗ ಎಲ್ಲಿ ಅಡ್ಡಿಯಿದೆಯೆಂದು ಕೈಗೆ ಗೊತ್ತಾಗುತ್ತದೆ, ವಿಂಚಿಗೆ ಆ ಸ್ಪರ್ಶವಿಲ್ಲ. ಸುತ್ತಿಕೊಂಡದ್ದು ನಿಜವಿರಬಹುದು. ಮೇಲಿನ ತುದಿಯಲ್ಲಿ ಏನಾಯಿತೆಂದು ಅವರು ಹತ್ತಿ ನೋಡಿರುವುದಿಲ್ಲ.

ಮೇಲೆ ಆಗುವುದೇನು

ಸ್ವಿವೆಲ್ ಎರಡು ತುಂಡಿನದು. ಕೆಳಗಿನ ತುಂಡು ಹಾಯಿಯ ತಲೆಗೆ ಸೇರಿಕೊಂಡು ಹಾಯಿಯ ಜೊತೆಗೇ ತಿರುಗುತ್ತದೆ. ಮೇಲಿನ ತುಂಡು ಹಾಲ್ಯಾರ್ಡಿನ ಹಿಡಿತದಲ್ಲಿರುತ್ತದೆ, ಅದು ತಿರುಗಬಾರದು. ನಡುವೆ ಬೇರಿಂಗ್ ಗುಂಡುಗಳಿವೆ. ಬೇರಿಂಗ್ ಎಷ್ಟೇ ನುಣುಪಾಗಿರಲಿ, ಕೆಳಗಿನ ತುಂಡಿನ ತಿರುಗಾಟ ಒಂದಿಷ್ಟು ಮೇಲಿನದಕ್ಕೂ ದಾಟುತ್ತದೆ. ಅದನ್ನು ತಡೆಯುವುದು ಹಾಲ್ಯಾರ್ಡಿನ ಓರೆ ಮಾತ್ರ. ಸ್ವಿವೆಲಿನಿಂದ ಹೊರಟ ಹಗ್ಗ ಫಾಯಿಲಿನಿಂದ ಸುಮಾರು 8ರಿಂದ 10 ಡಿಗ್ರಿ ಹಿಂದಕ್ಕೆ ಓರೆಯಾಗಿ ಕಂಬದತ್ತ ಹೋದರೆ ಮೇಲಿನ ತುಂಡು ಮೂಗುದಾರ ಹಾಕಿದ ಹೋರಿಯಂತೆ ಹಿಂದಕ್ಕೆ ಮುಖ ಮಾಡಿಕೊಂಡೇ ನಿಲ್ಲುತ್ತದೆ. ಹಗ್ಗ ಫಾಯಿಲಿಗೆ ಸಮಾನಾಂತರವಾಗಿ ನೇರ ಮೇಲಕ್ಕೆ ಹೋದರೆ ಹಿಡಿಯುವವರೇ ಇಲ್ಲ. ಮೊದಲ ಸುತ್ತಿನಲ್ಲಿ ಹಗ್ಗ ಫಾಯಿಲಿಗೆ ಒರಗುತ್ತದೆ, ಎರಡನೆಯದರಲ್ಲಿ ಮೆಣಸಿನ ಬಳ್ಳಿ ಅಡಿಕೆಮರವನ್ನು ಹಬ್ಬಿದ ಹಾಗೆ ಅಪ್ಪಿಕೊಳ್ಳುತ್ತದೆ, ಮೂರನೆಯದಕ್ಕೆ ಎಲ್ಲ ನಿಂತುಹೋಗುತ್ತದೆ. ನೀವು ಕೆಳಗೆ ಬಂಡೆಗೆ ಕಟ್ಟಿದ ಹಾಗೆ ಎಂದುಕೊಂಡದ್ದು ಇದನ್ನೇ.

ಇನ್ನೂ ಎಳೆದರೆ ಫಾಯಿಲಿನ ತುದಿ ಹಗ್ಗದ ಬಿಗಿತಕ್ಕೆ ಸಿಕ್ಕಿ ಮೇಲೆಯೇ ನಿಲ್ಲುತ್ತದೆ, ಕೆಳಭಾಗ ತಿರುಗುತ್ತದೆ, ನಡುವೆ ತಿರುಚು ಸೇರುತ್ತದೆ. ಆಮೇಲೆ ಆ ತಿರುಚು ಒಳಗಿನ ತಂತಿಗೇ ಇಳಿಯುತ್ತದೆ. ಫೋರ್‌ಸ್ಟೇ 19 ಎಳೆಗಳ ಹುರಿ: ನಡುವೆ ಒಂದು, ಅದರ ಸುತ್ತ ಆರು, ಹೊರಗೆ ಹನ್ನೆರಡು. ಹುರಿಯ ದಿಕ್ಕಿಗೆ ಎದುರಾಗಿ ತಿರುಚಿದರೆ ಎಳೆಗಳು ಬಿಚ್ಚಿಕೊಂಡು ಹೊರಗುಬ್ಬುತ್ತವೆ. ಹೀಗೆ ನಾಲ್ಕಾರು ಸಲವಾದರೆ ಮೇಲ್ತುದಿಯ ಲೋಹದ ತೊಟ್ಟಿನ ಬಾಯಲ್ಲಿ, ಎಲ್ಲಿ ತಂತಿ ಬಾಗಲಾರದೋ ಅಲ್ಲಿ, ಒಂದೊಂದಾಗಿ ಎಳೆಗಳು ಮುರಿಯುತ್ತವೆ. ಕೆಳಗಿರುವವರಿಗೆ ಕಾಣುವುದು ಸ್ವಲ್ಪ ಬಿಗಿಯಾಗಿ ಸುತ್ತುವ ಫರ್ಲರ್ ಮಾತ್ರ.

ಬೇರೆ ಕಾರಣಗಳೂ ಇವೆ, ಕೆಲವು ತೀರ ಸಣ್ಣವು. ಬಳಸದೆ ಮುಂದುಗಡೆ ಸಡಿಲ ಬಿಟ್ಟ, ಸ್ಪಿನೇಕರ್ ಎಂಬ ಉಬ್ಬುಹಾಯಿಯ ಹಾಲ್ಯಾರ್ಡ್ ಹಾಯಿಯ ಜೊತೆ ಸುರುಳಿಯೊಳಗೆ ಸಿಕ್ಕಿಕೊಳ್ಳುವುದು ಬಹಳ ಸಾಮಾನ್ಯ. ಹಾಯಿಯನ್ನು ಒಮ್ಮೆಲೇ ಬಿಟ್ಟಾಗ ಡ್ರಮ್ಮಿನಲ್ಲಿ ಹಗ್ಗ ಸಡಿಲವಾಗಿ ಸುತ್ತಿಕೊಂಡು ಒಂದು ಸುತ್ತಿನ ಕೆಳಗೆ ಇನ್ನೊಂದು ಹೊಕ್ಕು ಗಂಟಾಗುವುದೂ ಅಷ್ಟೇ ಸಾಮಾನ್ಯ. ಫೋರ್‌ಸ್ಟೇ ಜೋಲಿದ್ದರೆ ಫಾಯಿಲ್ ಬಿಲ್ಲಿನಂತೆ ಬಾಗಿರುತ್ತದೆ, ಬಾಗಿದ ಸರಳನ್ನು ತಿರುಗಿಸುವುದು ನೆಟ್ಟಗಿನದನ್ನು ತಿರುಗಿಸಿದಷ್ಟು ಸುಲಭವಲ್ಲ. ಇವುಗಳಲ್ಲಿ ಯಾವುದು ಎಂದು ಊಹಿಸುತ್ತ ಕೂರುವ ಬದಲು ಕ್ರಮವಾಗಿ ನೋಡುತ್ತ ಹೋಗಿ.

1. ಮೊದಲು ಗಾಳಿಯ ಹೊರೆ ತೆಗೆಯಿರಿ. ದೋಣಿಯನ್ನು ಗಾಳಿಯ ದಿಕ್ಕಿಗೆ ಇಳಿಸಿ ಮುಂದಿನ ಹಾಯಿಯನ್ನು ಕಂಬದ ಹಿಂದಿನ ದೊಡ್ಡ ಹಾಯಿಯ ಮರೆಗೆ ತನ್ನಿ, ಶೀಟ್ (ಹಾಯಿಯ ಮೂಲೆಯನ್ನು ಎಳೆದು ಹಿಡಿಯುವ ಹಗ್ಗ) ಸಡಿಲಿಸಿ, ಸುತ್ತುವ ಹಗ್ಗವನ್ನು ಕೈಯಿಂದ ಎಳೆಯಿರಿ. ಈಗ ಬಂದರೆ ಯಂತ್ರದಲ್ಲಿ ತೊಂದರೆಯಿಲ್ಲ, ನೀವು ಸುತ್ತಲು ತಡ ಮಾಡಿದಿರಿ ಅಷ್ಟೇ.

2. ಬರದಿದ್ದರೆ ಬೈನಾಕ್ಯುಲರ್ ಹಿಡಿದು ಮೇಲ್ತುದಿ ನೋಡಿ. ಹಾಲ್ಯಾರ್ಡ್ ಓರೆಯಾಗಿ ಕಂಬದತ್ತ ಹೋಗಿದೆಯೇ, ಫಾಯಿಲನ್ನು ಸುತ್ತಿದೆಯೇ? ಬೇರೆ ಹಗ್ಗ ಸಿಕ್ಕಿದೆಯೇ? ಸುತ್ತಿದ್ದು ಕಂಡರೆ ಹಾಯಿಯನ್ನು ಬಿಚ್ಚುವ ದಿಕ್ಕಿಗೆ ಮಾತ್ರ, ಅದೂ ಮೆಲ್ಲಗೆ, ತಿರುಗಿಸಿ.

3. ಡ್ರಮ್ ನೋಡಿ. ಹಗ್ಗ ಗಂಟಾಗಿದ್ದರೆ ಚಾಕು ಹಾಕಬೇಡಿ. ಹಗ್ಗ ಸಡಿಲಿಸಿ ಒಳಹೊಕ್ಕ ಸುತ್ತನ್ನು ಬೆರಳಲ್ಲಲ್ಲ, ಮೊಂಡು ಮೊನೆಯ ಉಪಕರಣದಿಂದ ಎತ್ತಿ ತೆಗೆಯಿರಿ.

4. ಫಾಯಿಲಿಗೆ ಎದೆಯೆತ್ತರದಲ್ಲಿ ಒಂದು ತುಂಡು ಬಣ್ಣದ ಟೇಪ್ ಅಂಟಿಸಿ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಡ್ರಮ್ ತಿರುಗಿ ಟೇಪ್ ತಿರುಗದಿದ್ದರೆ ಇವೆರಡನ್ನೂ ಬಿಗಿದ ಸ್ಕ್ರೂಗಳು ಸಡಿಲವಾಗಿವೆ. ಎರಡೂ ತಿರುಗಿ ಹಾಯಿಯ ತಲೆ ಹಿಂದುಳಿದರೆ ತೊಂದರೆ ಮೇಲಿದೆ.

5. ಹಾಲ್ಯಾರ್ಡನ್ನು ಎರಡು ಮೂರು ಸೆಂ.ಮೀ. ಸಡಿಲಿಸಿ ನೋಡಿ. ಹಗುರವಾದರೆ ಅತಿಬಿಗಿ ಅಥವಾ ಸವೆದ ಬೇರಿಂಗ್ ಕಾರಣ. ಇನ್ನಷ್ಟು ಕೆಟ್ಟರೆ ಹಗ್ಗ ಮೊದಲೇ ಸಡಿಲವಿತ್ತು, ವಾಪಸ್ ಬಿಗಿ ಮಾಡಿ.

ನಡುಕಡಲಲ್ಲಿ ಸಿಕ್ಕಿಕೊಂಡಾಗ

ಹಾಯಿ ಪೂರ್ತಿ ಬಿಚ್ಚಿಕೊಂಡಿದ್ದರೆ ದಾರಿ ಸುಲಭ: ಹಾಲ್ಯಾರ್ಡ್ ಬಿಟ್ಟು ಹಾಯಿಯನ್ನು ಡೆಕ್ಕಿನ ಮೇಲೆ ಇಳಿಸಿಬಿಡಿ. ಅರ್ಧ ಸುತ್ತಿ ನಿಂತದ್ದೇ ಕಷ್ಟ, ಯಾಕೆಂದರೆ ಒಳಸುತ್ತುಗಳು ಫಾಯಿಲನ್ನು ಬಿಗಿದಿರುವಾಗ ಅಂಚು ತೋಡಿನಿಂದ ಜಾರುವುದಿಲ್ಲ, ಹಾಯಿ ಇಳಿಯುವುದಿಲ್ಲ. ಆಗ ಬಿಡಿ ಹಾಲ್ಯಾರ್ಡೊಂದನ್ನು ತೆಗೆದುಕೊಂಡು, ಹೊರಗುಳಿದ ಹಾಯಿಯ ಸುತ್ತ ಮೇಲಿಂದ ಕೆಳಗೆ ಸುರುಳಿ ಸುರುಳಿಯಾಗಿ ಬಿಗಿದು ಬಟ್ಟೆಯನ್ನು ಕಟ್ಟಿಹಾಕಬಹುದು. ಅಲೆ ಕಡಿಮೆಯಿದ್ದರೆ ಎಂಜಿನ್ ಹಾಕಿ ದೋಣಿಯನ್ನೇ ಸುತ್ತು ಹೊಡೆಸಿ, ಗಾಳಿಯೇ ಹಾಯಿಯನ್ನು ಫೋರ್‌ಸ್ಟೇಗೆ ಸುತ್ತುವಂತೆ ಮಾಡುವವರೂ ಇದ್ದಾರೆ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾಡುತ್ತದೆ. ಹೊಡೆದಾಡುತ್ತಿರುವ ಹಾಯಿಯ ಮೂಲೆಗೆ ಮಾತ್ರ ಹತ್ತಿರ ಹೋಗಬೇಡಿ. ಅಲ್ಲಿರುವ ಲೋಹದ ಬಳೆ ಮತ್ತು ಶೀಟಿನ ಗಂಟು ಹಲ್ಲು ಮುರಿಯುವಷ್ಟು, ಪ್ರಜ್ಞೆ ತಪ್ಪಿಸುವಷ್ಟು ಜೋರಾಗಿ ಬೀಸುತ್ತವೆ.

ಫೋರ್‌ಸ್ಟೇಯೇ ಕಿತ್ತುಬಂದರೆ ಯೋಚಿಸಲು ಸಮಯವಿರುವುದಿಲ್ಲ, ಆದ್ದರಿಂದ ಇದನ್ನು ದಡದಲ್ಲೇ ಬಾಯಿಪಾಠ ಮಾಡಿಕೊಳ್ಳಿ. ದೊಡ್ಡ ಸದ್ದು ಕೇಳುತ್ತದೆ, ಫಾಯಿಲ್ ಪಕ್ಕಕ್ಕೆ ಬಾಗುತ್ತದೆ, ಕಂಬದ ತುದಿ ಹಿಂದಕ್ಕೆ ಸರಿಯುತ್ತದೆ. ಆದರೂ ಕಂಬ ಬಹಳ ಸಲ ತಕ್ಷಣ ಬೀಳುವುದಿಲ್ಲ, ಹಾಲ್ಯಾರ್ಡ್ ಮತ್ತು ಹಾಯಿಯ ಅಂಚು ಸ್ವಲ್ಪ ಹೊತ್ತು ಅದನ್ನು ಹಿಡಿದಿರುತ್ತವೆ. ಆ ಸ್ವಲ್ಪ ಹೊತ್ತೇ ನಿಮ್ಮದು.

1. ತಕ್ಷಣ ಗಾಳಿಗೆ ಬೆನ್ನು ಮಾಡಿ, ಗಾಳಿ ಹಿಂದಿನಿಂದ ಬಂದು ಕಂಬವನ್ನು ಮುಂದಕ್ಕೆ ನೂಕಲಿ.

2. ದೊಡ್ಡ ಹಾಯಿಯ ಶೀಟ್ ಸಡಿಲಿಸಿ. ಬಿಗಿಯಾಗಿದ್ದರೆ ಅದರ ಹಿಂಬದಿಯ ಅಂಚು ಕಂಬವನ್ನು ಹಿಂದಕ್ಕೆ ಎಳೆಯುತ್ತದೆ.

3. ಮುಂದಿನ ಹಾಯಿಯನ್ನು ಇಳಿಸಬೇಡಿ. ಗಾಬರಿಯಲ್ಲಿ ಇಳಿಸಿದವರು ಕಂಬದ ಕೊನೆಯ ಆಸರೆಯನ್ನು ಬಿಚ್ಚಿದ ಹಾಗಾಗುತ್ತದೆ.

4. ಇರುವ ಬಿಡಿ ಹಾಲ್ಯಾರ್ಡುಗಳನ್ನೆಲ್ಲ ಮೂತಿಯ ಗಟ್ಟಿ ಬಳೆಗೆ ಸಿಕ್ಕಿಸಿ ವಿಂಚಿನಿಂದ ಬಿಗಿ ಮಾಡಿ. ಇಲ್ಲಿ ವಿಂಚ್ ಬೇಕು. ಬ್ಯಾಕ್‌ಸ್ಟೇಗೆ ಬಿಗಿಮಾಡುವ ಚಕ್ರವಿದ್ದರೆ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ.

ಬ್ಯಾಕ್‌ಸ್ಟೇ ಕಿತ್ತರೆ ಎಲ್ಲ ತಿರುಗುಮುರುಗು: ಗಾಳಿಗೆ ಎದುರು ಹೋಗಿ, ದೊಡ್ಡ ಹಾಯಿಯ ಶೀಟ್ ಬಿಗಿ ಮಾಡಿ. ಎರಡನ್ನೂ ಒಟ್ಟಿಗೆ ಕಲಿತರೆ ಅದಲುಬದಲಾಗುವುದಿಲ್ಲ.

ಕಿತ್ತ ತಂತಿಯ ಜಾಗಕ್ಕೆ ತಾತ್ಕಾಲಿಕವಾಗಿ ಡೈನೀಮಾ ಎಂಬ ಕೃತಕ ನಾರಿನ ಹಗ್ಗ ಒಳ್ಳೆಯದು. ಅದೇ ದಪ್ಪದ ಉಕ್ಕಿನ ತಂತಿಗೆ ಅದು ಬಲದಲ್ಲಿ ಕಡಿಮೆಯಿಲ್ಲ, ತೂಕದಲ್ಲಿ ಬಹಳ ಹಗುರ. ಆದರೆ ಅದಕ್ಕೆ ಗಂಟು ಹಾಕಬೇಡಿ. ನುಣುಪಾದ ಹಗ್ಗವಾದ್ದರಿಂದ ಗಂಟು ಜಾರುತ್ತದೆ, ಜಾರದಿದ್ದರೂ ಗಂಟಿನ ಜಾಗದಲ್ಲಿ ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ತುದಿಯನ್ನು ಹಗ್ಗದೊಳಗೇ ಹೆಣೆದು ಕಣ್ಣು ಮಾಡಿ, ಅದರೊಳಗೆ ಲೋಹದ ತಿಂಬಲ್ ಬಳೆ ಕೂರಿಸಿ, ಸಿದ್ಧ ತುಂಡೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಕಂಬದೆತ್ತರಕ್ಕಿಂತ ಒಂದು ಮೀಟರ್ ಉದ್ದವಿರಲಿ.

ಇಂಥ ತಾತ್ಕಾಲಿಕ ರಿಪೇರಿಯ ಮೇಲೆ ಎಷ್ಟು ನಂಬಿಕೆ ಇಡಬಹುದು ಎಂಬ ಪ್ರಶ್ನೆಗೆ ಒಂದು ದೊಡ್ಡ ಉದಾಹರಣೆಯಿದೆ. ಆಗ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಬೆನ್ನಿಗೆ ಪೆಟ್ಟು ಬಿದ್ದು ಹೊರಬರಬೇಕಾದ 2018ರ ಗೋಲ್ಡನ್ ಗ್ಲೋಬ್ ಏಕಾಂಗಿ ಭೂಪ್ರದಕ್ಷಿಣೆಯ ಓಟದಲ್ಲಿ, ಮುಂಚೂಣಿಯಲ್ಲಿದ್ದ ಫ್ರಾನ್ಸಿನ ಜಾನ್‌ ಲುಕ್ ವಾನ್‌ ಡೆನ್ ಹೀಡ್ ಅವರ ದೋಣಿ ಆ ವರ್ಷದ ನವೆಂಬರಿನಲ್ಲಿ ದಕ್ಷಿಣ ಪೆಸಿಫಿಕ್‌ನಲ್ಲಿ ಮಗುಚಿ ಎದ್ದಿತು. ಕೆಳಗಿನ ಶ್ರೌಡ್‌ಗಳನ್ನು ಕಂಬಕ್ಕೆ ಹಿಡಿದಿದ್ದ ಬೋಲ್ಟ್ ಕಂಬದ ಅಲ್ಯೂಮಿನಿಯಮ್ಮನ್ನೇ ಸೀಳಿಕೊಂಡು ಕೆಳಕ್ಕೆ ಜಾರಿ, ತಂತಿಗಳು ಸಡಿಲವಾದವು. ಅವರು ಕಂಬ ಹತ್ತಿ ಹಗ್ಗಗಳಿಂದ ಕಟ್ಟಿ ಭದ್ರಪಡಿಸಿದರು, ಒಂದೇ ಸಲವಲ್ಲ, ಮತ್ತೆ ಮತ್ತೆ ಹತ್ತಿ ನೋಡಿದರು, ಹಾಯಿ ಕಡಿಮೆ ಮಾಡಿ ನಡೆದರು. 2019ರ ಜನವರಿ 29ರಂದು ಅದೇ ಕಂಬದಡಿಯಲ್ಲಿ ಮೊದಲಿಗರಾಗಿ ಗುರಿ ಮುಟ್ಟಿದರು. ತಾತ್ಕಾಲಿಕ ರಿಪೇರಿ ನಿಲ್ಲುತ್ತದೆ, ಅದನ್ನು ತಾತ್ಕಾಲಿಕವೆಂದೇ ನಡೆಸಿಕೊಂಡರೆ.

ದಕ್ಕೆಗೆ ಬಂದ ಮೇಲೆ

ರಿಪೇರಿಯನ್ನು ಮೇಲಿನಿಂದ ಶುರು ಮಾಡಿ. ಸ್ವಿವೆಲ್ ಫಾಯಿಲಿನ ತುದಿಯ ಹತ್ತಿರ, ಆದರೆ ತುದಿಗಿಂತ ಕೆಳಗೆ, ತಯಾರಕರ ಪುಸ್ತಕ ಹೇಳಿದ ಜಾಗದಲ್ಲಿ ನಿಲ್ಲಬೇಕು. ಹೊಲಿಗೆ ತಿದ್ದಿಸಿಕೊಂಡ ಹಳೆಯ ಹಾಯಿ ಮೊದಲಿಗಿಂತ ಗಿಡ್ಡವಾಗಿದ್ದರೆ ಸ್ವಿವೆಲ್ ಕೆಳಗೇ ಉಳಿದು, ಉದ್ದನೆಯ ಹಾಲ್ಯಾರ್ಡ್ ತುಂಡು ಫಾಯಿಲಿನ ಪಕ್ಕದಲ್ಲಿ ಬೆತ್ತಲೆಯಾಗಿ ಓಡುತ್ತದೆ, ಸುತ್ತಿಕೊಳ್ಳಲು ಅದಕ್ಕಿಂತ ಅನುಕೂಲ ಬೇಕಿಲ್ಲ. ಹಾಯಿಯ ತಲೆಗೂ ಸ್ವಿವೆಲಿಗೂ ನಡುವೆ ಬೇಕಾದಷ್ಟು ಉದ್ದದ ಡೈನೀಮಾ ತುಂಡು ಸೇರಿಸಿದರೆ ಮುಗಿಯಿತು. ಓರೆ ಆಗಲೂ ಸಾಲದಿದ್ದರೆ ಕಂಬದ ಮುಂಭಾಗಕ್ಕೆ ಹಾಲ್ಯಾರ್ಡನ್ನು ಒತ್ತಿ ಹಿಡಿಯುವ ರಿಸ್ಟ್ರೇನರ್ ಬಳೆ ಕೂರಿಸಿ. ಇವೆರಡೂ ಸಣ್ಣ ಕೆಲಸಗಳು. ಇವನ್ನು ಮಾಡದೆ ಹೊಸ ಸ್ವಿವೆಲ್ ತಂದು ಹಾಕಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಬೇರಿಂಗಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗ್ರೀಸ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆ ಇಲ್ಲಿ ನಡೆಯದು. ಹಾರ್ಕನ್ ತಯಾರಿಯವುಗಳಲ್ಲಿ ಪ್ಲಾಸ್ಟಿಕ್ ಗುಂಡುಗಳಿವೆ, ಅವುಗಳಿಗೆ ಬೇಕಾದದ್ದು ಧಾರಾಳ ಸಿಹಿನೀರು. ಗ್ರೀಸ್ ಹಾಕಿದರೆ ಅದು ಮರಳನ್ನೂ ಉಪ್ಪನ್ನೂ ಹಿಡಿದು ಅಂಟಾಗುತ್ತದೆ. ಫರ್ಲೆಕ್ಸ್‌ನಂಥವಕ್ಕೆ ವರ್ಷಕ್ಕೊಮ್ಮೆ ಗ್ರೀಸ್ ಬೇಕೇ ಬೇಕು. ನಿಮ್ಮದು ಯಾವುದೆಂದು ತಿಳಿಯದೆ ಡಬ್ಬಿಯ ಮುಚ್ಚಳ ತೆರೆಯಬೇಡಿ. ಸ್ವಿವೆಲನ್ನು ಕೆಳಗಿಳಿಸಿ ಬಕೆಟ್ ನೀರಿನಲ್ಲಿ ತೊಳೆದು ಕಿವಿಯ ಹತ್ತಿರ ಹಿಡಿದು ತಿರುಗಿಸಿ. ಸರಾಗವಾಗಿ ಓಡಿದರೆ ಸರಿ, ಕರಕರ ಎಂದರೆ ಗುಂಡುಗಳು ಹೋಗಿವೆ.

ಫಾಯಿಲಿನ ತುಂಡುಗಳನ್ನು ಜೋಡಿಸಿದ ಸ್ಕ್ರೂಗಳು ಸ್ಟೀಲಿನವು, ಫಾಯಿಲ್ ಅಲ್ಯೂಮಿನಿಯಂ. ಉಪ್ಪುನೀರಿನಲ್ಲಿ ಈ ಎರಡು ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಕರಗುತ್ತದೆ. ಸ್ಕ್ರೂ ಸುತ್ತ ಸುಣ್ಣದಂಥ ಬಿಳಿ ಪುಡಿ ಕಂಡರೆ ಅದೇ. ಬಿಚ್ಚುವಾಗ ಬಿಸಿ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು ತಿರುಗಿಸಿ. ಮತ್ತೆ ಹಾಕುವಾಗ ಡ್ಯುರಾಲ್ಯಾಕ್ ಅಥವಾ ಟೆಫ್‌ಜೆಲ್ ಥರದ ಲೇಪ ಹಚ್ಚಿ. ತಯಾರಕರು ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ಲಾಕ್‌ಟೈಟ್ ಹೇಳಿದ ಕಡೆ ಅದನ್ನೇ ಹಾಕಿ, ಯಾಕೆಂದರೆ ಅರ್ಧ ಸುತ್ತು ಹೊರಬಂದ ಒಂದು ಸ್ಕ್ರೂ ತಲೆ ಸಾಕು, ಸ್ವಿವೆಲ್ ಅಲ್ಲೇ ಸಿಕ್ಕಿಕೊಂಡು ಹಾಯಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.

ಡ್ರಮ್ಮಿಗೆ ಬರುವ ಹಗ್ಗ ಕೊನೆಯ ರಾಟೆಯಿಂದ ಡ್ರಮ್ಮಿನ ಅಕ್ಷಕ್ಕೆ ಲಂಬವಾಗಿ, ಅದರ ನಡುಮಟ್ಟಕ್ಕೆ ಬರಬೇಕು. ಮೇಲೋ ಕೆಳಗೋ ಸರಿದಿದ್ದರೆ ಹಗ್ಗ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಹಾಯಿ ಪೂರ್ತಿ ಸುತ್ತಿದ ಮೇಲೂ ಶೀಟ್ ಇನ್ನೂ ಎರಡು ಮೂರು ಸುತ್ತು ಬರುವಷ್ಟು ಹಗ್ಗ ಡ್ರಮ್ಮಿನಲ್ಲಿ ಉಳಿದಿರಬೇಕು, ಜೋರು ಗಾಳಿಯಲ್ಲಿ ಸುರುಳಿ ಬಿಗಿಯಾದಾಗ ಹೆಚ್ಚು ಸುತ್ತು ಬೇಕಾಗುತ್ತದೆ. ದಪ್ಪ ಹಗ್ಗಕ್ಕೆ ಜಾಗ ಸಾಲದಿದ್ದರೆ ಡ್ರಮ್ಮಿನೊಳಗೆ ಹೋಗುವಷ್ಟು ಉದ್ದದಲ್ಲಿ ಒಳತಿರುಳನ್ನು ಎಳೆದು ತೆಗೆದು ಹೊರಹೆಣಿಗೆಯನ್ನಷ್ಟೇ ಉಳಿಸುವುದು ಹಳೆಯ ಉಪಾಯ. ಕೈಗೆ ದಪ್ಪ ಹಗ್ಗ ಸಿಗುತ್ತದೆ, ಡ್ರಮ್ಮಿಗೆ ತೆಳುವಾದದ್ದು.

ಒಂದು ಎಳೆ ಮುರಿದರೆ ಏನು ಮಹಾ

ಈಗ ತಂತಿಗೆ ಬರೋಣ. ತುದಿಯ ತೊಟ್ಟಿನ ಬಾಯಲ್ಲಿ ಒಂದೇ ಒಂದು ಎಳೆ ಮುರಿದು ಸೂಜಿಯಂತೆ ಹೊರಚಾಚಿದ್ದರೂ ಆ ತಂತಿಯನ್ನು ಬದಲಾಯಿಸಬೇಕು. ಇದಕ್ಕೆ ಲೆಕ್ಕ ಬಲ್ಲವರು ಆಕ್ಷೇಪಿಸುತ್ತಾರೆ: 19ರಲ್ಲಿ ಒಂದು ಹೋದರೆ ಬಲ ಕುಗ್ಗಿದ್ದು ಸುಮಾರು ಶೇ. 5 ಮಾತ್ರ, ಉಳಿದದ್ದು ಸಾಲದೇ? ಹೊರೆ ತಾಳಲಾರದೆ ಆ ಎಳೆ ಕಿತ್ತಿದ್ದರೆ ಅವರ ಲೆಕ್ಕ ಸರಿ. ಆದರೆ ಎಳೆಗಳು ಅಲ್ಲಿ ಮುರಿಯುವುದು ದಣಿವಿನಿಂದ ಮತ್ತು ತುಕ್ಕಿನಿಂದ. ಲಕ್ಷಾಂತರ ಸಲ ಅತ್ತಿತ್ತ ಬಾಗಿ, ತೊಟ್ಟಿನೊಳಗೆ ನಿಂತ ಉಪ್ಪುನೀರಿನಲ್ಲಿ ನೆನೆದು, ಒಂದು ಎಳೆ ಮುರಿದಿದೆ ಎಂದರೆ ಉಳಿದ ಹದಿನೆಂಟೂ ಅಷ್ಟೇ ಸಲ ಬಾಗಿವೆ, ಅದೇ ನೀರಿನಲ್ಲಿ ನೆನೆದಿವೆ. ಮೊದಲನೆಯದು ಮುರಿದದ್ದು ಉಳಿದವುಗಳ ಸರದಿಯೂ ಹತ್ತಿರವಿದೆ ಎಂಬ ಸೂಚನೆ.

"ತಂತಿ ಬೆಳ್ಳಿಯ ಹಾಗೆ ಹೊಳೆಯುತ್ತಿದೆ, ಹತ್ತು ವರ್ಷಕ್ಕೆ ಯಾಕೆ ಬದಲಾಯಿಸಬೇಕು" ಎಂಬ ಇನ್ನೊಂದು ಪ್ರಶ್ನೆಯೂ ನ್ಯಾಯವಾದದ್ದೇ, ಖರ್ಚು ಸಣ್ಣದಲ್ಲ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಹೊಳೆಯುವುದು ಗಾಳಿಯ ಆಮ್ಲಜನಕದಿಂದ ಮೈಮೇಲೆ ಕಟ್ಟುವ ತೆಳ್ಳನೆಯ ಪೊರೆಯಿಂದ. ಗಾಳಿ ತಾಕದ ಸಂದಿಯಲ್ಲಿ ಆ ಪೊರೆ ಉಳಿಯುವುದಿಲ್ಲ, ಉಪ್ಪು ಅಲ್ಲಿ ಕೊರೆಯುತ್ತದೆ. ಹೊರಗೆ ಹೊಳೆಯುವ ಭಾಗ ನೋಡಿ ಒಳಗನ್ನು ಅಳೆಯಲಾಗದು. ಸಾಮಾನ್ಯ ವಾಡಿಕೆ 10ರಿಂದ 15 ವರ್ಷ. ಅರಬ್ಬಿ ಸಮುದ್ರದ ಬಿಸಿ, ತೇವ, ಉಪ್ಪುಗಾಳಿಯಲ್ಲಿ ವರ್ಷವಿಡೀ ನಿಲ್ಲುವ ದೋಣಿಗೆ 10ರ ಕಡೆಗೇ ವಾಲುವುದು ವಿವೇಕ. ತಂತಿಗಳನ್ನು ದೋಣಿಯ ಒಡಲಿಗೆ ಹಿಡಿದು ಡೆಕ್ಕಿನ ಮೂಲಕ ಹಾದುಹೋಗುವ ಲೋಹದ ಪಟ್ಟಿಗಳಾದ ಚೈನ್‌ಪ್ಲೇಟುಗಳಿಗೂ ಇದೇ ಮಾತು. ಅವು ಕೊಳೆಯುವುದು ಸರಿಯಾಗಿ ಡೆಕ್ಕಿನ ದಪ್ಪದೊಳಗೆ, ಕಣ್ಣಿಗೆ ಬೀಳದ ಒಂದೆರಡು ಅಂಗುಲದಲ್ಲಿ.

"ಇದೆಲ್ಲ ಬಲ್ಲವರಿಗೆ ಬಿಡಬಾರದೇ" ಎಂದರೆ, ಬಿಡಬಹುದು, ಸಿಕ್ಕರೆ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದೋಣಿ ಇಟ್ಟುಕೊಂಡ ಕನ್ನಡಿಗರಿಗೆ ದೊಡ್ಡ ಬಂದರುಗಳಲ್ಲಿ ಈ ಕೆಲಸ ಬಲ್ಲ ರಿಗ್ಗರ್ ಸಿಗುತ್ತಾರೆ. ನಮ್ಮ ಕರಾವಳಿಯಲ್ಲಿ ಎಂಜಿನ್ ಮೇಸ್ತ್ರಿಗಳು ಎಲ್ಲ ಕಡೆ ಇದ್ದಾರೆ, ಹಾಯಿದೋಣಿಯ ತಂತಿ ಕೆಲಸ ಬಲ್ಲವರು ಅಪರೂಪ. ಹಾಗಾಗಿ ಹೊಸ ತೊಟ್ಟನ್ನು ನೀವೇ ಕೂರಿಸಬೇಕಾದೀತು. ಕಾರ್ಖಾನೆಯಲ್ಲಿ ಒತ್ತಿ ಕೂರಿಸುವ ತೊಟ್ಟುಗಳಿಗೆ ದೊಡ್ಡ ಯಂತ್ರ ಬೇಕು. ಸ್ಟಾಲಾಕ್ ಥರದ ಶಂಕುವಿನ ತೊಟ್ಟಿಗೆ ಎರಡು ಸ್ಪ್ಯಾನರ್ ಸಾಕು. ತಂತಿಯನ್ನು ಟೇಪ್ ಸುತ್ತಿ ನೇರವಾಗಿ ಕತ್ತರಿಸಿ ತೊಟ್ಟಿನ ಮೇಲ್ಭಾಗದೊಳಗೆ ತೂರಿಸಿ. ಹೊರಗಿನ ಹನ್ನೆರಡು ಎಳೆಗಳನ್ನು ಮೆಲ್ಲಗೆ ಬಿಡಿಸಿ, ಒಳಗಿನ ಏಳರ ಕಟ್ಟಿಗೆ ಶಂಕುವನ್ನು ತೊಡಿಸಿ. ಕಟ್ಟಿನ ತುದಿ ಶಂಕುವಿನಿಂದ ಒಂದೂವರೆ ಮಿ.ಮೀ. ಹೊರಗೆ ಕಾಣಬೇಕು. ಹನ್ನೆರಡನ್ನೂ ಮತ್ತೆ ಶಂಕುವಿನ ಸುತ್ತ ಸಮನಾಗಿ ಹರಡಿ. ಇಲ್ಲಿ ಕಣ್ಣಿಟ್ಟು ನೋಡಿ: ಶಂಕುವಿಗೆ ಉದ್ದಕ್ಕೆ ಒಂದು ಸೀಳಿದೆ, ಎಳೆಯೊಂದು ಅದರೊಳಗೆ ಬಿದ್ದರೆ ತೊಟ್ಟು ಕಚ್ಚುವುದಿಲ್ಲ. ತಳದಲ್ಲಿ ಕೂರುವ ಸಣ್ಣ ಬಟ್ಟಲನ್ನು ಹಾಕಿ ಬಿಗಿ ಮಾಡಿ, ಮತ್ತೆ ಬಿಚ್ಚಿ, ಎಳೆಗಳೆಲ್ಲ ಒಳಮುಖವಾಗಿ ಒಪ್ಪವಾಗಿ ಮಡಿಸಿಕೊಂಡಿವೆಯೇ ನೋಡಿ. ಸರಿಯಿದ್ದರೆ ನೀರು ಹೋಗದಂತೆ ಸೀಲಂಟ್ ತುಂಬಿ, ತಿರುಪಿನ ಮರೆಗೆ ಲಾಕ್‌ಟೈಟ್ ಹಚ್ಚಿ ಕೊನೆಯದಾಗಿ ಬಿಗಿಯಿರಿ. ಹಳೆಯ ಶಂಕುವನ್ನು ಹೊಸ ತಂತಿಗೆ ಬಳಸಬೇಡಿ.

ತಂತಿ ಬಿಚ್ಚುವ ಮೊದಲು ಎರಡು ಹಾಲ್ಯಾರ್ಡುಗಳನ್ನು ಮೂತಿಗೆ ಬಿಗಿದು ಕಂಬಕ್ಕೆ ಆಸರೆ ಕೊಡಿ. ಬ್ಯಾಕ್‌ಸ್ಟೇಯ ಬಿಗಿತ ಹೊಂದಿಸುವ ತಿರುಪಾದ ಟರ್ನ್‌ಬಕಲ್ ಎಷ್ಟು ಸುತ್ತು ಸಡಿಲಿಸಿದಿರೆಂದು ಎಣಿಸಿ ಬರೆದಿಡಿ. ಕಂಬ ಹತ್ತುವುದಾದರೆ ಎರಡು ಬೇರೆ ಬೇರೆ ಹಗ್ಗಗಳಿರಲಿ, ಕೊಂಡಿಗೆ ಸಿಕ್ಕಿಸದೆ ಸೊಂಟಪಟ್ಟಿಗೆ ನೇರ ಗಂಟು ಹಾಕಿ. ಫೋರ್‌ಸ್ಟೇಯ ಮೇಲೆ ಅನುಮಾನವಿದ್ದರೆ ಆಸರೆ ಬಿಗಿಯುವವರೆಗೆ ಹತ್ತಲೇಬೇಡಿ. ಸುತ್ತಿಕೊಂಡ ಹಾಲ್ಯಾರ್ಡಿಗೆ ನಿಮ್ಮ ಮೈಭಾರ ಎಂದೂ ಕೊಡಬೇಡಿ.

ಬಿಗಿ ಅಳೆಯುವುದಕ್ಕೆ ದುಬಾರಿ ಮಾಪಕ ಇಲ್ಲದಿದ್ದರೂ ನಡೆಯುತ್ತದೆ. ಸಡಿಲವಿರುವ ತಂತಿಯ ಮೇಲೆ 2 ಮೀಟರ್ ಉದ್ದದ ಅಳತೆಕೋಲಿನ ಒಂದು ತುದಿಯನ್ನು ಟೇಪಿನಿಂದ ಕಟ್ಟಿ, ಇನ್ನೊಂದು ತುದಿಯಲ್ಲಿ ತಂತಿಗೆ ಗುರುತು ಹಾಕಿ. ಬಿಗಿ ಮಾಡುತ್ತ ಹೋದಂತೆ ಗುರುತು ಕೋಲಿನಿಂದ ದೂರ ಸರಿಯುತ್ತದೆ. ಪ್ರತಿ 1 ಮಿ.ಮೀ.ಗೆ ತಂತಿಯ ಮುರಿತಬಲದ ಶೇ. 5ರಷ್ಟು ಬಿಗಿ, ತಂತಿ ಯಾವ ದಪ್ಪದ್ದಾದರೂ ಸರಿ, 19 ಎಳೆಯದಾಗಿದ್ದರಾಯಿತು. ಫೋರ್‌ಸ್ಟೇ ಫಾಯಿಲಿನೊಳಗೆ ಅವಿತಿರುವುದರಿಂದ ಅದರ ಎದುರಾಳಿಯಾದ ಬ್ಯಾಕ್‌ಸ್ಟೇಯನ್ನು ಅಳೆಯಿರಿ. 3ರಿಂದ 4 ಮಿ.ಮೀ. ಸಾಮಾನ್ಯವಾಗಿ ಸರಿಯಾದ ಜಾಗ, ಆದರೆ ನಿಮ್ಮ ಕಂಬದ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ಮತ್ತೆ ಮತ್ತೆ ಕಾಣುವ ತಪ್ಪುಗಳು

ಹಾಯಿ ಬಿಚ್ಚುವಾಗ ಸುತ್ತುವ ಹಗ್ಗವನ್ನು ಪೂರ್ತಿ ಕೈಬಿಡುವುದು: ಒಂದಿಷ್ಟು ತಡೆ ಹಿಡಿದೇ ಬಿಡಿ, ಡ್ರಮ್ಮಿನ ಗಂಟುಗಳಲ್ಲಿ ಮುಕ್ಕಾಲು ಪಾಲು ಇಷ್ಟರಿಂದಲೇ ತಪ್ಪುತ್ತವೆ. ಹಾಲ್ಯಾರ್ಡನ್ನು ವೀಣೆಯ ತಂತಿಯಂತೆ ಬಿಗಿಯುವುದು: ಅಂಚಿನ ಅಡ್ಡ ಸುಕ್ಕು ಮಾಯವಾಗುವಷ್ಟು ಸಾಕು. ಟರ್ನ್‌ಬಕಲ್ಲಿನ ಪಿನ್ನುಗಳನ್ನು ಬಿಗಿ ಟೇಪಿನಿಂದ ಗಾಳಿಯಾಡದಂತೆ ಸುತ್ತುವುದು: ನೀರು ನಿಂತು ಒಳಗೇ ತಿನ್ನುತ್ತದೆ.

ಇಷ್ಟು ತಾಪತ್ರಯದ ಯಂತ್ರವೇ ಬೇಡ, ಹಳೆಯ ಕಾಲದಂತೆ ಕೊಂಡಿಗಳಿಂದ ಹಾಯಿ ಏರಿಸಿ ಇಳಿಸೋಣ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. ಕೊಂಡಿಯ ಹಾಯಿಯಲ್ಲಿ ತಂತಿ ಬಯಲಲ್ಲಿರುತ್ತದೆ, ಜಾಮ್ ಆಗುವಂಥದ್ದೇನೂ ಇಲ್ಲ. ಆದರೆ ಹಾಯಿ ಇಳಿಸಲು ಯಾರಾದರೂ ಪ್ರತಿಸಲ ನೆಗೆದಾಡುವ ಮೂತಿಗೆ ಹೋಗಬೇಕು, ಒಬ್ಬರೋ ಇಬ್ಬರೋ ಇರುವ ದೋಣಿಯಲ್ಲಿ ಸಮುದ್ರಕ್ಕೆ ಬೀಳುವ ಸಂಭವ ಅಲ್ಲೇ ಹೆಚ್ಚು. ಆ ಅಪಾಯದ ಎದುರು, ವರ್ಷಕ್ಕೊಮ್ಮೆ ಫಾಯಿಲ್ ಇಳಿಸಿ ತಂತಿ ನೋಡುವ ಶ್ರಮ ನನಗೆ ಸಣ್ಣದಾಗಿ ಕಾಣುತ್ತದೆ.

ಅದಕ್ಕೆ ತಕ್ಕ ಸಮಯ ಮೇ ಕೊನೆ, ಮುಂಗಾರು ಬರುವ ಮೊದಲು. ಹಾಯಿಯನ್ನು ಆಗ ಹೇಗೂ ಇಳಿಸಲೇಬೇಕು. ಸುತ್ತಿಟ್ಟ ಹಾಯಿ ಮಳೆಗಾಲದ ಗಾಳಿಯಲ್ಲಿ ರಾತ್ರಿ ಬಿಚ್ಚಿಕೊಂಡರೆ ಬೆಳಗಾಗುವುದರೊಳಗೆ ಬಟ್ಟೆ ಚಿಂದಿಯಾಗಿರುತ್ತದೆ, ಫಾಯಿಲ್ ಬಾಗಿರುತ್ತದೆ. ಇಳಿಸಿದ ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲು ತಡೆಯುವ ಅಂಚುಪಟ್ಟಿಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, ದಾರ ಪುಡಿಯಾದರೆ ಹೊಲಿಗೆಗೆ ಕೊಡಿ. ಹಾಲ್ಯಾರ್ಡನ್ನು ಫಾಯಿಲಿನಿಂದ ದೂರಕ್ಕೆ ಕಟ್ಟಿ, ಡ್ರಮ್ ತಿರುಗದಂತೆ ಬಿಗಿಯಿರಿ. ಫೋರ್‌ಸ್ಟೇ ಹಾಕಿದ ತಿಂಗಳು ಮತ್ತು ವರ್ಷವನ್ನು ಅಳಿಯದ ಶಾಯಿಯಲ್ಲಿ ಬರೆದು ಉಪಕರಣದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ. ದೋಣಿ ಕೈ ಬದಲಾದರೂ ಪೆಟ್ಟಿಗೆ ದೋಣಿಯಲ್ಲೇ ಇರುತ್ತದೆ.